ಪಟ್ಟಿ ಇಟ್ಟುಕೊಳ್ಳದ ಊರು

1942ರ ಆಗಸ್ಟ್ 10. ಫ್ರಾನ್ಸಿನ ಬೆಟ್ಟಸೀಮೆಯ ಲ ಶಾಂಬೊನ್ ಸುರ್ ಲಿನ್ಯೋನ್ ಎಂಬ ಊರಿಗೆ ವಿಶಿ ಸರ್ಕಾರದ ಯುವಜನ ಖಾತೆಯ ಮುಖ್ಯಸ್ಥ ಜಾರ್ಜ್ ಲಮಿರಾಂ ಭೇಟಿ ಕೊಟ್ಟಿದ್ದರು. ಹಿಟ್ಲರನ ಜರ್ಮನಿಗೆ ತಲೆಬಾಗಿ ನಡೆಯುತ್ತಿದ್ದ ಸರ್ಕಾರ ಅದು. ಆ ದಿನ ಊರಿನ ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವರ ಕೈಗೊಂದು ಪತ್ರ ಕೊಟ್ಟರು. ಹಿಂದಿನ ತಿಂಗಳ 16 ಮತ್ತು 17ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪೊಲೀಸರೇ ಹದಿಮೂರು ಸಾವಿರದಷ್ಟು ಯೆಹೂದಿಗಳನ್ನು, ಮಕ್ಕಳು ಮರಿಗಳೆನ್ನದೆ, ಮನೆಗಳಿಂದ ಎಳೆದೊಯ್ದಿದ್ದರು. ಆ ಸುದ್ದಿ ನಮಗೆ ತಲುಪಿದೆ ಎಂದು ಪತ್ರ ತಿಳಿಸುತ್ತದೆ. ನಮ್ಮ ನಡುವೆಯೂ ಯೆಹೂದಿಗಳಿದ್ದಾರೆ, ಅವರು ಬೇರೆ ನಾವು ಬೇರೆ ಎಂದು ನಾವು ಎಣಿಸುವುದಿಲ್ಲ, ಹಾಗೆ ಎಣಿಸುವುದು ಸುವಾರ್ತೆಯ ಬೋಧನೆಗೆ ವಿರುದ್ಧ ಎನ್ನುತ್ತದೆ. ಇವರನ್ನು ಸಾಗಿಸುವ ಆಜ್ಞೆ ಬಂದರೆ ನಾವು ಬಚ್ಚಿಡುತ್ತೇವೆ ಎಂಬುದು ಪತ್ರದ ತಿರುಳು.

ಕೆಲವೇ ದಿನಗಳಲ್ಲಿ ಪೊಲೀಸರು ಬಸ್ಸುಗಳೊಂದಿಗೆ ಊರಿಗೆ ಬಂದರು. ಪಾದ್ರಿ ಆಂದ್ರೆ ತ್ರೊಕ್ಮೆ ಅವರನ್ನು ಕರೆಸಿ, ಊರಿನಲ್ಲಿರುವ ಯೆಹೂದಿಗಳ ಪಟ್ಟಿ ಕೊಡಿ ಎಂದರು. ಅವರ ಹೆಸರುಗಳು ತಮಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ ಎಂಬುದು ತ್ರೊಕ್ಮೆ ಕೊಟ್ಟ ಉತ್ತರ. ಪೊಲೀಸರು ವಾರಗಟ್ಟಲೆ ಮನೆ, ಕೊಟ್ಟಿಗೆ, ಕಾಡು ಜಾಲಾಡಿದರು. ಕೊನೆಗೆ ಅವರ ಬಸ್ಸಿನಲ್ಲಿ ಕೂತದ್ದು ಒಬ್ಬನೇ ಒಬ್ಬ. ಊರಿನವರು ಸಾಲಾಗಿ ಬಂದು ಅವನ ಮಡಿಲಿಗೆ ತಿನಿಸು ತುಂಬಿದರು. ಅವನೂ ಮುಂದೆ ಬಿಡುಗಡೆಯಾದ.

ಈ ಊರಿನ ಕಥೆಯನ್ನು ಬೆನ್ನಟ್ಟಿದಾಗ ನಾನು ಹುಡುಕುತ್ತಿದ್ದುದೂ ಒಂದು ಪಟ್ಟಿಯನ್ನೇ. ಯಾರು, ಯಾರನ್ನು, ಯಾವ ಮನೆಯಲ್ಲಿ, ಎಷ್ಟು ದಿನ ಇಟ್ಟುಕೊಂಡಿದ್ದರು? ಒಟ್ಟು ಎಷ್ಟು ಜನ? ಪೊಲೀಸರು ಪಾದ್ರಿಯ ಮುಂದೆ ಇಟ್ಟ ಪ್ರಶ್ನೆಯನ್ನೇ ನಾನು ದಾಖಲೆಗಳ ಮುಂದೆ ಇಡುತ್ತಿದ್ದೆ. ಅವರಿಗೆ ಸಿಗದ್ದು ನನಗೂ ಸಿಗಲಿಲ್ಲ, ಎರಡಕ್ಕೂ ಕಾರಣ ಒಂದೇ. ಇದು ಮನಸ್ಸಿಗೆ ಬಂದ ಮೇಲೆ ಹುಡುಕಾಟದ ದಿಕ್ಕೇ ಬದಲಾಯಿತು. ಪಟ್ಟಿ ಎಲ್ಲಿದೆ ಎಂದು ಕೇಳುವುದನ್ನು ಬಿಟ್ಟೆ. ಪಟ್ಟಿಯೇ ಇಲ್ಲದೆ ಇಷ್ಟು ದೊಡ್ಡ ಕೆಲಸ ನಡೆದದ್ದು ಹೇಗೆ ಎಂದು ಕೇಳತೊಡಗಿದೆ.

ಸಂಖ್ಯೆಯ ಗೊಂದಲ ಮೊದಲು ಎದುರಾಗುತ್ತದೆ. 1940ರ ಡಿಸೆಂಬರಿನಿಂದ 1944ರ ಸೆಪ್ಟೆಂಬರಿನವರೆಗೆ ಈ ಊರು ಮತ್ತು ಸುತ್ತಲಿನ ವಿವಾರೆ-ಲಿನ್ಯೋನ್ ಪ್ರಸ್ಥಭೂಮಿಯ ಹಳ್ಳಿಗಳು ಸುಮಾರು 5,000 ಜನರಿಗೆ ಆಶ್ರಯ ಕೊಟ್ಟವು, ಅವರಲ್ಲಿ 3,000ದಿಂದ 3,500 ಮಂದಿ ಯೆಹೂದಿಗಳು ಎಂಬುದು ಅಮೆರಿಕದ ಹಾಲೊಕಾಸ್ಟ್ ವಸ್ತುಸಂಗ್ರಹಾಲಯದ ಅಂದಾಜು. ಇದಕ್ಕಿಂತ ಕಡಿಮೆ ಲೆಕ್ಕ ಹಾಕುವ ಇತಿಹಾಸಕಾರರೂ ಇದ್ದಾರೆ. ಮೂಲದಲ್ಲಿ ಎಣಿಕೆಯೇ ನಡೆಯದಿರುವಾಗ ಯಾವ ಅಂಕಿಯನ್ನೂ ಅಂದಾಜಿನಾಚೆಗೆ ಒಯ್ಯಲಾಗದು. ಒಬ್ಬನೇ ಹುಡುಗ ಮೂರು ಮನೆ ಬದಲಿಸಿರಬಹುದು. ಒಬ್ಬಳು ಒಂದು ರಾತ್ರಿ ತಂಗಿ ಸ್ವಿಟ್ಜರ್ಲೆಂಡಿನ ಗಡಿಯತ್ತ ಹೊರಟಿರಬಹುದು.

ಊರಿನ ಕಚೇರಿ ಕಾಗದಗಳನ್ನು ನಂಬೋಣವೆಂದರೆ ಅಲ್ಲಿ ಇನ್ನೊಂದು ತೊಡಕು. ಓಸ್ಕರ್ ರೊಜೊವ್‌ಸ್ಕಿ ಎಂಬ ಯೆಹೂದಿ ತರುಣ ಇಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ವೈದ್ಯನಾಗಬೇಕೆಂದಿದ್ದ. ಬದಲಿಗೆ ಗುರುತಿನ ಚೀಟಿ, ಪಡಿತರ ಚೀಟಿ, ಸರ್ಕಾರಿ ಮೊಹರು ಎಲ್ಲವನ್ನೂ ನಕಲು ಮಾಡುವುದರಲ್ಲಿ ಪಳಗಿದ. ಅವನಿಗೆ ನೆಲೆ ಕೊಟ್ಟದ್ದು ಎರಿತಿಯೆ ದಂಪತಿಯ ಹೊಲಮನೆ. ಸಿದ್ಧವಾದ ಕಾಗದಗಳು ಅವರ ಜೇನುಪೆಟ್ಟಿಗೆಗಳಲ್ಲಿ ಅಡಗಿರುತ್ತಿದ್ದವು. ಅಂದರೆ ಆ ಕಾಲದ ಕಡತದಲ್ಲಿ ಅಚ್ಚುಕಟ್ಟಾಗಿ ಕಾಣುವ ಫ್ರೆಂಚ್ ಹೆಸರಿನ ಹಿಂದೆ ವಿಯೆನ್ನಾದ ಹುಡುಗನೊಬ್ಬ ಇದ್ದಿರಬಹುದು. ಸಂಶೋಧಕರು ಸಾಮಾನ್ಯವಾಗಿ ಬಾಯಿಮಾತಿಗಿಂತ ಮೊಹರು ಬಿದ್ದ ಕಾಗದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಇಲ್ಲಿ ಮೊಹರೇ ಸುಳ್ಳು. ಅಜ್ಜಿಯೊಬ್ಬರ ನೆನಪೇ ಸರಿಯಾದ ಸಾಕ್ಷಿ.

ಹಾಗಾಗಿ ನೆನಪುಗಳ ಕಡೆ ತಿರುಗಬೇಕಾಯಿತು. ಈ ದಾರಿಯಲ್ಲಿ ಮೊದಲು ಸಿಗುವುದು ಅಮೆರಿಕದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಫಿಲಿಪ್ ಹ್ಯಾಲಿ 1979ರಲ್ಲಿ ಪ್ರಕಟಿಸಿದ ಪುಸ್ತಕ. ಮನುಷ್ಯನ ಕ್ರೌರ್ಯದ ಬಗ್ಗೆ ವರ್ಷಗಟ್ಟಲೆ ಓದಿ ಬರೆದು ಬಳಲಿದ್ದ ಹ್ಯಾಲಿ ಈ ಊರಿನ ವಿಷಯ ತಿಳಿದು ಅಲ್ಲಿಗೇ ಹೋದರು. ಪಾದ್ರಿಯ ಹೆಂಡತಿ ಮಗ್ದಾ ಅವರ ಜೊತೆ ಕೂತು ಮಾತಾಡಿದರು, ತ್ರೊಕ್ಮೆ ಬರೆದಿಟ್ಟಿದ್ದ ಆತ್ಮಕಥನವನ್ನೂ ಓದಿದರು. ತ್ರೊಕ್ಮೆ ದಂಪತಿಯ ಕಾಗದಪತ್ರಗಳು ಇಂದು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಶಾಂತಿ ಸಂಗ್ರಹದಲ್ಲಿವೆ.

ಹ್ಯಾಲಿಯವರ ಪುಸ್ತಕದ ನಡುವೆ ತ್ರೊಕ್ಮೆ ಎದ್ದು ನಿಲ್ಲುತ್ತಾರೆ. ಇದರಲ್ಲಿ ನ್ಯಾಯವಿದೆ. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯ ಜೊತೆ ಕದನವಿರಾಮದ ಒಪ್ಪಂದಕ್ಕೆ ಸಹಿ ಹಾಕಿತು. ಮಾರನೆಯ ದಿನ ಭಾನುವಾರ. ಅಂದು ತ್ರೊಕ್ಮೆ ಮತ್ತು ಜೊತೆ ಪಾದ್ರಿ ಎದುವಾರ್ ತೇಸ್, ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತರ ಕರ್ತವ್ಯ ಎಂದು ಸಭೆಗೆ ಹೇಳಿದರು. ಆದರೆ ಆ ಪುಸ್ತಕದಲ್ಲೇ, ಪಾದ್ರಿಯ ವ್ಯಕ್ತಿತ್ವದ ನೆರಳಿನಲ್ಲಿ, ನನ್ನ ಪ್ರಶ್ನೆಗೆ ಉತ್ತರ ಕೊಡುವ ಒಂದು ಸಣ್ಣ ವಿವರ ಇದೆ. ತ್ರೊಕ್ಮೆ ತಮ್ಮ ಸಭೆಯನ್ನು ಹದಿಮೂರು ಗುಂಪುಗಳಾಗಿ ಹಂಚಿ ಪ್ರತಿ ಗುಂಪಿಗೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡಿದ್ದರು. ಆ ಹದಿಮೂರು ಜನ ಎರಡು ವಾರಕ್ಕೊಮ್ಮೆ ಪಾದ್ರಿಯ ಜೊತೆ ಕೂತು ಬೈಬಲಿನ ಒಂದು ಭಾಗವನ್ನು ಓದಿ ಚರ್ಚಿಸುತ್ತಿದ್ದರು. ಆಮೇಲೆ ತಮ್ಮ ತಮ್ಮ ಕೇರಿಗಳಿಗೆ ಹೋಗಿ ಅಲ್ಲಿನ ಮನೆಗಳಲ್ಲಿ ಅದೇ ಭಾಗವನ್ನು ಓದಿಸುತ್ತಿದ್ದರು. ಈ ಏರ್ಪಾಡು ಹುಟ್ಟಿದ್ದು ಬೈಬಲ್ ಓದಿಗಾಗಿ. ಕಷ್ಟಕಾಲ ಬಂದಾಗ ಅದೇ ಜಾಲದ ಮೂಲಕ ನಿರಾಶ್ರಿತರು ಮನೆ ಸೇರಿದರು.

ಪಟ್ಟಿ ಇಲ್ಲದಿದ್ದುದರ ಗುಟ್ಟು ಇಲ್ಲಿದೆ. ಒಂದು ಕೇರಿಯವರಿಗೆ ತಮ್ಮ ಕೇರಿಯಷ್ಟೇ ಗೊತ್ತು. ಪಕ್ಕದ ಮನೆಯ ಅಟ್ಟದಲ್ಲಿ ಯಾರಿದ್ದಾರೆಂದು ಕೇಳುವ ಪದ್ಧತಿಯೇ ಇರಲಿಲ್ಲ. ಒಬ್ಬರನ್ನು ಹಿಡಿದು ಬಡಿದರೂ ಇಡೀ ಊರಿನ ವಿಷಯ ಹೊರಬೀಳುವಂತಿರಲಿಲ್ಲ. ಇದನ್ನು ಬರೀ ಜಾಣತನದ ಗುಪ್ತ ಏರ್ಪಾಡು ಎಂದುಕೊಂಡರೆ ಅರ್ಧ ಸತ್ಯ ಕೈತಪ್ಪುತ್ತದೆ. ತನ್ನ ಪಾಲಿನ ಕೆಲಸವನ್ನು ತಾನು ಮಾಡಿದರೆ ನೆರೆಯವನು ಅವನದನ್ನು ಮಾಡುತ್ತಾನೆ ಎಂಬ ಭರವಸೆ ಇಲ್ಲದೆ ಇಂಥ ವ್ಯವಸ್ಥೆ ನಾಲ್ಕು ದಿನವೂ ನಿಲ್ಲದು. ಆ ಭರವಸೆ ಒಟ್ಟಿಗೆ ಕೂತು ಓದಿದ ಓದಿನಿಂದ, ಒಟ್ಟಿಗೆ ಮಾಡಿದ ಪ್ರಾರ್ಥನೆಯಿಂದ ಬಂದದ್ದು. ಮೂಲ ಇನ್ನೂ ಹಿಂದಕ್ಕೂ ಹೋಗುತ್ತದೆ. ಇವರ ಪೂರ್ವಿಕರು ಹ್ಯೂಗೆನೋಗಳು, ಅಂದರೆ ಫ್ರಾನ್ಸಿನ ಪ್ರೊಟೆಸ್ಟೆಂಟರು. 1685ರಲ್ಲಿ ಹದಿನಾಲ್ಕನೆಯ ಲೂಯಿ, ಅವರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದು ಮಾಡಿದ ಮೇಲೆ ನೂರು ವರ್ಷ ಕಾಡುಮೇಡುಗಳಲ್ಲಿ ಕದ್ದು ಆರಾಧನೆ ನಡೆಸಿದ ಜನ. ಬೆನ್ನಟ್ಟಿಸಿಕೊಂಡವರ ಪಾಡು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1943ರ ಫೆಬ್ರವರಿ 13ರ ಸಂಜೆಯ ವೃತ್ತಾಂತ ಈ ಜನರ ರೀತಿಯನ್ನು ಹತ್ತಿರದಿಂದ ತೋರಿಸುತ್ತದೆ. ತ್ರೊಕ್ಮೆ ಅವರನ್ನು ಬಂಧಿಸಲು ಪೊಲೀಸರು ಮನೆಗೆ ಬಂದರು. ಊಟದ ಹೊತ್ತಾಗಿತ್ತು. ಮಗ್ದಾ ಆ ಪೊಲೀಸರಿಗೂ ಊಟ ಮಾಡಿ ಎಂದರು. ಸುದ್ದಿ ಹೇಗೋ ಹರಡಿ ಊರಿನ ಜನ ಒಬ್ಬೊಬ್ಬರಾಗಿ ಬಂದು ಪಾದ್ರಿಗೆ ಏನಾದರೊಂದು ಕೊಡತೊಡಗಿದರು. ಸಾರ್ಡೀನ್ ಮೀನಿನ ಡಬ್ಬಿ, ಚಾಕೊಲೇಟು, ಉಣ್ಣೆಯ ಕಾಲುಚೀಲ. ಎಲ್ಲವೂ ಪಡಿತರದ ಕಾಲದಲ್ಲಿ ಕೂಡಿಟ್ಟ ಪದಾರ್ಥ. ಯಾರೋ ಮೇಣದಬತ್ತಿ ತಂದರು, ಕಡ್ಡಿಪೆಟ್ಟಿಗೆ ಇರಲಿಲ್ಲ. ಪೊಲೀಸ್ ಅಧಿಕಾರಿಯೇ ತನ್ನ ಜೇಬಿನಿಂದ ತೆಗೆದು ಕೊಟ್ಟ. ಇನ್ನೊಬ್ಬರು ಶೌಚದ ಕಾಗದದ ಒಂದು ಸುರುಳಿ ಕೊಟ್ಟಿದ್ದರು. ಸೆರೆಶಿಬಿರದಲ್ಲಿ ಅದನ್ನು ಬಿಚ್ಚಿದಾಗ ಅದರ ಮೇಲೆ ಪೆನ್ಸಿಲಿನಲ್ಲಿ ಬೈಬಲ್ ವಚನಗಳು ಕಂಡವು. ಊರಿನ ಪ್ರಾಥಮಿಕ ಶಾಲೆಯ ಮುಖ್ಯಸ್ಥ ರೋಜೆ ದಾರ್ಸಿಸಾಕ್ ಮತ್ತು ಪಾದ್ರಿ ತೇಸ್ ಕೂಡ ಬಂಧಿತರಾದರು. ಸುಮಾರು ಒಂದು ತಿಂಗಳ ನಂತರ ಬಿಡುಗಡೆಯ ಹೊತ್ತು ಬಂದಾಗ, ವಿಶಿ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂ ಅವರ ಆಜ್ಞೆಗಳನ್ನು ಪಾಲಿಸುತ್ತೇವೆಂಬ ಹೇಳಿಕೆಗೆ ಸಹಿ ಹಾಕಲು ಇಬ್ಬರು ಪಾದ್ರಿಗಳೂ ಒಪ್ಪಲಿಲ್ಲ. ಆದರೂ ಅವರನ್ನು ಬಿಡಬೇಕಾಯಿತು. ಮೂವರು ಮುಖ್ಯಸ್ಥರು ಸೆರೆಯಲ್ಲಿದ್ದ ಆ ವಾರಗಳಲ್ಲಿ ಊರಿನ ಕೆಲಸ ನಿಲ್ಲಲಿಲ್ಲ. ಇದು ಒಬ್ಬ ನಾಯಕನ ಸಾಹಸವಾಗಿರಲಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಪುರಾವೆ ಇದೇ.

ಹೊರಗಿನಿಂದ ಬಂದು ಕೈಜೋಡಿಸಿದವರ ಸುಳಿವು ಬೇರೆ ಬೇರೆ ಸಂಸ್ಥೆಗಳ ದಾಖಲೆಗಳಲ್ಲಿ ಚದುರಿದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ನೆರವಿನ ಹಣ ಮಕ್ಕಳ ವಸತಿಗೃಹಗಳಿಗೆ ಬಂತು. ಸ್ವಿಟ್ಜರ್ಲೆಂಡಿನ ಆಗಸ್ಟ್ ಬೊಹ್ನಿ ಅಂಥ ಮನೆಗಳನ್ನು ನಡೆಸಿದರು. ಮದ್ಲೆನ್ ಬಾರೋ ಅವರ ಸಿಮಾದ್ ಸಂಸ್ಥೆಯ ಪ್ರೊಟೆಸ್ಟೆಂಟ್ ತರುಣಿಯರು ಜನರನ್ನು ಸ್ವಿಸ್ ಗಡಿ ದಾಟಿಸಿದರು. ಯೆಹೂದಿ ಮಕ್ಕಳ ನೆರವಿನ ಸಂಸ್ಥೆಯ ಮದ್ಲೆನ್ ದ್ರೇಫಸ್ ಲಿಯೋನ್ ನಗರದಿಂದ ಮಕ್ಕಳನ್ನು ರೈಲಿನಲ್ಲಿ ಕರೆತಂದು ಹೊಲಮನೆಗಳಿಗೆ ಒಪ್ಪಿಸುತ್ತಿದ್ದರು. 1943ರ ನವೆಂಬರಿನಲ್ಲಿ ಬಂಧಿತರಾಗಿ ಬರ್ಗನ್-ಬೆಲ್ಸನ್ ನಾಜಿ ಶಿಬಿರಕ್ಕೆ ಹೋದ ಅವರು ಬದುಕಿ ಬಂದರು. ಯೆಹೂದಿಗಳು ಇಲ್ಲಿ ಬರೀ ಕಾಪಾಡಿಸಿಕೊಂಡವರಾಗಿರಲಿಲ್ಲ, ಕಾಪಾಡಿದವರೂ ಆಗಿದ್ದರು. ಕ್ರೈಸ್ತರ ಸೇವೆಯ ಕಥೆ ಹೇಳುವಾಗ ಇದನ್ನು ಮರೆತರೆ ಆ ಸೇವೆಗೇ ಅಪಚಾರ.

ಬೆಲೆ ತೆತ್ತವರೂ ಇದ್ದಾರೆ. ಪಾದ್ರಿಯ ಬಂಧು, ಅಧ್ಯಾಪಕ ದಾನಿಯೆಲ್ ತ್ರೊಕ್ಮೆ ಮಕ್ಕಳ ಮನೆಯೊಂದನ್ನು ನೋಡಿಕೊಳ್ಳುತ್ತ, ರಾತ್ರಿ ಹೊತ್ತು ಹಳೆಯ ಟೈರಿನ ತುಂಡುಗಳಿಂದ ಮಕ್ಕಳ ಬೂಟುಗಳಿಗೆ ಅಟ್ಟೆ ಹಾಕುತ್ತಿದ್ದರು. 1943ರ ಜೂನ್ 29ರಂದು ಜರ್ಮನ್ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊ, ದಾನಿಯೆಲ್ ಹೊಣೆಯಲ್ಲಿದ್ದ ಇನ್ನೊಂದು ವಿದ್ಯಾರ್ಥಿನಿಲಯಕ್ಕೆ ನುಗ್ಗಿತು. ಆಗ ಅವರು ಅಲ್ಲಿರಲಿಲ್ಲ. ತಪ್ಪಿಸಿಕೊಳ್ಳಬಹುದಿತ್ತು. ತನ್ನ ವಿದ್ಯಾರ್ಥಿಗಳ ಜೊತೆ ಇರಲೆಂದೇ ಹೋದರು. ಹದಿನೆಂಟು ವಿದ್ಯಾರ್ಥಿಗಳೊಂದಿಗೆ ಅವರನ್ನೂ ಒಯ್ದರು. 1944ರ ಏಪ್ರಿಲಿನಲ್ಲಿ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಊರಿನ ವೈದ್ಯ ರೋಜೆ ಲ ಫೊರೆಸ್ತಿಯೆ ಅವರನ್ನು ಅದೇ ವರ್ಷದ ಆಗಸ್ಟಿನಲ್ಲಿ ಲಿಯೋನ್ ಬಳಿ ಗುಂಡಿಕ್ಕಿ ಕೊಂದರು.

ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಯೆಹೂದಿಗಳನ್ನು ಕಾಪಾಡಿದವರಿಗೆ ಗೌರವ ಕೊಡುವುದು ವ್ಯಕ್ತಿಗಳಿಗೆ. ಹೆಸರು, ಸಾಕ್ಷಿ, ಘಟನೆ ಎಲ್ಲವನ್ನೂ ಪರಿಶೀಲಿಸಿಯೇ ಕೊಡುತ್ತದೆ. ಹೀಗೆ ಈ ಪ್ರಸ್ಥಭೂಮಿಯ ಹಲವರ ಹೆಸರು ಅಲ್ಲಿ ಸೇರಿದೆ. ಆದರೂ 1990ರಲ್ಲಿ ಆ ಸಂಸ್ಥೆ ತನ್ನ ರೂಢಿಯನ್ನು ಮೀರಿ ಲ ಶಾಂಬೊನ್ ಮತ್ತು ನೆರೆಯ ಹಳ್ಳಿಗಳಿಗೆ ಒಟ್ಟಾಗಿ ಗೌರವಪತ್ರ ಕೊಟ್ಟಿತು. ಇಂಥ ಸಾಮೂಹಿಕ ಗೌರವ ಪಡೆದ ಇನ್ನೊಂದು ಊರು ನೆದರ್ಲೆಂಡ್ಸಿನ ನ್ಯೂವ್‌ಲಾಂಡೆ. ಅದೇ 1990ರಲ್ಲಿ ಇತಿಹಾಸಕಾರರು, ಹಳೆಯ ನಿರಾಶ್ರಿತರು, ಊರಿನವರು ಲ ಶಾಂಬೊನ್‌ನಲ್ಲಿ ವಿಚಾರ ಸಂಕಿರಣಕ್ಕೆ ಸೇರಿದರು. ಪಾದ್ರಿಯೊಬ್ಬರ ಸುತ್ತ ಕಟ್ಟಿದ್ದ ಕಥೆ ಅಲ್ಲಿಂದ ಮುಂದೆ ಸುತ್ತಲಿನ ಹಳ್ಳಿಗಳಿಗೆ, ಕ್ಯಾಥೊಲಿಕರಿಗೆ, ದಾರ್ಬಿ ಎಂಬ ಪ್ರೊಟೆಸ್ಟೆಂಟ್ ಪಂಥದ ಮೌನಿ ರೈತರಿಗೆ ಹರಡಿಕೊಂಡಿತು. ಇದೇ ಊರಿನಲ್ಲಿ 1944ರಲ್ಲಿ ನಿರಾಶ್ರಿತ ದಂಪತಿಗೆ ಹುಟ್ಟಿದ ಪಿಯೆರ್ ಸೊವಾಜ್ ಬೆಳೆದು ದೊಡ್ಡವರಾಗಿ ಸಾಕ್ಷ್ಯಚಿತ್ರ ತೆಗೆದರು. ನೀವೇಕೆ ಹೀಗೆ ಮಾಡಿದಿರಿ ಎಂದು ಅವರು ಕೇಳಿದಾಗ ಮುದುಕ ರೈತರಿಗೆ ಪ್ರಶ್ನೆಯೇ ಅರ್ಥವಾಗದಂತೆ ಕಾಣುತ್ತದೆ. ಬಂದವರನ್ನು ಒಳಗೆ ಕರೆಯದೆ ಇನ್ನೇನು ಮಾಡಬೇಕಿತ್ತು ಎಂಬ ಧಾಟಿ ಅವರದು.

ದಾಖಲೆಗಳ ಹುಡುಕಾಟ ನನ್ನನ್ನು ತಂದು ನಿಲ್ಲಿಸಿದ್ದು ಒಂದು ಸರಳ ತೀರ್ಮಾನದ ಬಳಿ. ಈ ಜನ ತಾವು ನಂಬಿದ್ದನ್ನು ಅಧಿಕಾರಸ್ಥರ ಕೈಗೇ ಬರೆದು ಕೊಟ್ಟರು, ತಾವು ಮಾಡಿದ್ದನ್ನು ಎಲ್ಲಿಯೂ ಬರೆದಿಡಲಿಲ್ಲ. ಎರಡಕ್ಕೂ ಬೇಕಾದದ್ದು ಒಂದೇ ನಂಬಿಕೆ. ಬರೆದು ಕೊಡುವಾಗ ಅದು ದೇವರ ಮೇಲಿನ ನಂಬಿಕೆಯಾಗಿ ಕಂಡಿತು, ಬರೆಯದೆ ಇದ್ದಾಗ ಜೊತೆಯವರ ಮೇಲಿನ ನಂಬಿಕೆಯಾಗಿ ಕಂಡಿತು. ನೆರೆಯವನನ್ನು ನಿನ್ನಂತೆಯೇ ಕಾಣು ಎಂಬ ಯೇಸುವಿನ ಮಾತನ್ನು ಒಬ್ಬೊಂಟಿಯಾಗಿ ಪಾಲಿಸಿದವರು ಚರಿತ್ರೆಯಲ್ಲಿ ಹಲವರಿದ್ದಾರೆ, ಅವರ ಹೆಸರು ಸುಲಭವಾಗಿ ಸಿಗುತ್ತದೆ. ಒಂದು ಸೀಮೆಯ ಜನರೆಲ್ಲ ಸೇರಿ ಪಾಲಿಸಿದಾಗ ಹೆಸರುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಕಡತಗಳಲ್ಲಿ ಕಾಣುವ ಆ ಖಾಲಿ ಜಾಗವನ್ನು ಸಂಶೋಧಕರು ಕೊರತೆ ಎಂದು ಗುರುತು ಹಾಕಿ ಮುಂದೆ ಹೋಗಬಾರದು. ಆ ಊರು ಒಟ್ಟಾಗಿ ನಿಂತಿತ್ತು ಎಂಬುದಕ್ಕೆ ಅದೂ ಒಂದು ದಾಖಲೆ.