ಐಹೊಳೆಯನ್ನು ನಾನು ಮೊದಲು ನೋಡಿದ್ದು ಮುಂಬೈಯಲ್ಲಿ: ಮ್ಯೂಸಿಯಂ ಸ್ನೇಹಿತರ ಸಂಘಗಳ ಕಥೆ

ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಲೋಕಲ್ ಟ್ರೇನ್‌ನಲ್ಲಿ ನಿಂತ್ಕೊಂಡು ಓದೋರಿಗೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೀನಿ, ಅಷ್ಟೇ.

ಮೊದಲು ಒಂದು ತಪ್ಪೊಪ್ಪಿಗೆ. ನನ್ನೂರು ಬಾಗಲಕೋಟೆ ಜಿಲ್ಲೆಯಲ್ಲಿದೆ. ಮನೆಯಿಂದ ಐಹೊಳೆಗೆ ಒಂದೂವರೆ ತಾಸಿನ ದಾರಿ. ಶಾಲೆಯಿಂದ ಟ್ರಿಪ್ ಹೋಗಿದ್ದು ಮೈಸೂರಿಗೆ. ಎಂಜಿನಿಯರಿಂಗ್, ಎಂಟೆಕ್, ಆಮೇಲೆ ಕೆಲಸ ಅಂತ ಊರು ಬಿಟ್ಟೆ. ಅಪ್ಪ ಎರಡು ಮೂರು ಸಲ "ಐಹೊಳಿಗೆ ಹೋಗಿ ಬರೂಣೇನೋ" ಅಂದಿದ್ರು. ಮುಂದಿನ ಸಲ ಬಂದಾಗ ಹೋಗೋಣ ಅಂತ ನಾನು ಹೇಳ್ತಾನೇ ಇದ್ದೆ. ಕೊನೆಗೆ ಐಹೊಳೆಯ ಶಿಲ್ಪ ನಾನು ಕಣ್ಣಾರೆ ನೋಡಿದ್ದು ದಕ್ಷಿಣ ಮುಂಬೈಯಲ್ಲಿ, ಮೂವತ್ತು ದಾಟಿದ ಮೇಲೆ, ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಗೋಡೆ ಮೇಲೆ.

ಹಳೇ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅಲ್ಲಿನ ಶಿಲ್ಪಗಳ ಗ್ಯಾಲರಿಯಲ್ಲಿ ಐಹೊಳೆಯಿಂದ ಬಂದ ದೊಡ್ಡ ಕಲ್ಲು ಫಲಕಗಳಿವೆ. ಬ್ರಹ್ಮ, ಶೇಷನ ಮೇಲೆ ಮಲಗಿದ ವಿಷ್ಣು, ಶಿವ ಪಾರ್ವತಿ. ಬಾದಾಮಿ ಚಾಲುಕ್ಯರ ಕಾಲದ್ದು, 7ನೇ ಶತಮಾನ. ಆವತ್ತು ನಾನು ಒಬ್ಬನೇ ಹೋಗಿದ್ದರೆ ಬೋರ್ಡ್ ಓದಿ, ಒಂದು ಫೋಟೋ ಹೊಡೆದು ಮುಂದೆ ಹೋಗ್ತಿದ್ದೆ. ಆದರೆ ಅಲ್ಲಿ ಒಂದು ಚಿಕ್ಕ ಗುಂಪು ನಿಂತಿತ್ತು. ನರೆಕೂದಲಿನ ಹೆಂಗಸೊಬ್ಬರು ಮೆಲ್ಲಗೆ ವಿವರಿಸ್ತಾ ಇದ್ರು. "ಇವು ದೇವಸ್ಥಾನದ ಛಾವಣಿಯಲ್ಲಿದ್ದ ಕಲ್ಲುಗಳು. ಕತ್ತೆತ್ತಿ ನೋಡ್ಬೇಕಾದದ್ದು. ನಾವು ಗೋಡೆಗೆ ನಿಲ್ಲಿಸಿದೀವಿ. ಹಾಗಾಗಿ ನೀವೀಗ ಇದನ್ನ ತಪ್ಪಾಗಿ ನೋಡ್ತಾ ಇದೀರಿ."

ಅಷ್ಟು ಸಾಕಾಯ್ತು. ನಾನೂ ಹಿಂದೆ ಹಿಂದೆ ಹೋದೆ. ಅವರು ಮ್ಯೂಸಿಯಂ ಸಿಬ್ಬಂದಿ ಅಲ್ಲ, ಬೆಂಬಲಿಗರ ಸಂಘದ ಸದಸ್ಯೆ ಅಂತ ಆಮೇಲೆ ಗೊತ್ತಾಯ್ತು. ಸಂಬಳ ಇಲ್ಲ. ಉಲ್ಟಾ ವರ್ಷಕ್ಕಿಷ್ಟು ಅಂತ ಅವರೇ ಸದಸ್ಯತ್ವದ ದುಡ್ಡು ಕಟ್ತಾರೆ.

ಯಾರಿವರು?

ದೊಡ್ಡ ಮ್ಯೂಸಿಯಂಗಳ ಸುತ್ತ ಇಂಥ ಸಂಘಗಳು ಬೆಳೆದಿರುತ್ತವೆ. ಪ್ಯಾರಿಸ್‌ನ ಲೂವ್ರ್‌ಗೆ 1897ರಲ್ಲೇ ಸ್ನೇಹಿತರ ಸಂಘ ಶುರುವಾಯ್ತು. ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂಗೆ 1909ರಲ್ಲಿ. 1975ರಲ್ಲಿ ಇಂಥ ಸಂಘಗಳದ್ದೇ ಒಂದು ವಿಶ್ವ ಒಕ್ಕೂಟ ಆಯ್ತು. ನಮ್ಮ ಮುಂಬೈ ಮ್ಯೂಸಿಯಂ ಜೊತೆ ಕೆಲಸ ಮಾಡೋದು ಮ್ಯೂಸಿಯಂ ಸೊಸೈಟಿ ಆಫ್ ಮುಂಬೈ. ಕೆಲಸ ಬಹಳ ಸರಳ. ಉಪನ್ಯಾಸ ಇಡೋದು, ತಿಳಿದವರ ಜೊತೆ ಗುಹೆ, ಕೋಟೆ, ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು, ಮ್ಯೂಸಿಯಂಗೆ ಕೈಲಾದ ನೆರವು ಕೊಡೋದು.

ಸರಳ ಅಂದೆ, ಆದರೆ ಮುಂಬೈಯಲ್ಲಿ ಇದರ ಬೇರು ಬಹಳ ಹಳೇದು. ಬೈಕುಲಾದಲ್ಲಿ 1872ರಲ್ಲಿ ತೆರೆದ ಮ್ಯೂಸಿಯಂ ನೋಡಿ. ಸರ್ಕಾರ ಒಂದೇ ಕಟ್ಟಿದ್ದಲ್ಲ. ಊರಲ್ಲಿ ಚಂದಾ ಎತ್ತೋಕೆ ಓಡಾಡಿದವರಲ್ಲಿ ಡಾಕ್ಟರ್ ಭಾವು ದಾಜಿ ಲಾಡ್, ಜಗನ್ನಾಥ್ ಶಂಕರಶೇಟ್ ಮುಖ್ಯರು. ಭಾವು ದಾಜಿ ಹಗಲು ರೋಗಿಗಳನ್ನ ನೋಡೋ ವೈದ್ಯ, ಉಳಿದ ಹೊತ್ತಲ್ಲಿ ಶಾಸನ, ನಾಣ್ಯ ಓದೋ ಹುಚ್ಚು. ಅಂದ್ರೆ ಡೇ ಜಾಬ್ ಬೇರೆ, ಪ್ಯಾಶನ್ ಬೇರೆ. 1975ರಿಂದ ಆ ಮ್ಯೂಸಿಯಂಗೆ ಅವರದ್ದೇ ಹೆಸರು.

ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಕಥೆನೂ ಹೀಗೇ. 1905ರ ನವೆಂಬರ್‌ನಲ್ಲಿ ಅಡಿಗಲ್ಲು ಬಿತ್ತು. ದುಡ್ಡಿನಲ್ಲಿ ದೊಡ್ಡ ಪಾಲು ಊರ ಜನರದ್ದು. ಸರ್ ಕರೀಂಭಾಯ್ ಇಬ್ರಾಹಿಂ ಒಬ್ಬರೇ 3 ಲಕ್ಷ ರೂಪಾಯಿ ಕೊಟ್ರು, ಸರ್ ಕಾವಸ್‌ಜಿ ಜಹಾಂಗೀರ್ 50 ಸಾವಿರ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್, ಗೇಟ್‌ವೇ ಆಫ್ ಇಂಡಿಯಾ ವಿನ್ಯಾಸ ಮಾಡಿದವರೂ ಇವರೇ. ಕಟ್ಟಡ 1914ಕ್ಕೆ ಮುಗೀತು, ಅಷ್ಟರಲ್ಲಿ ಮಹಾಯುದ್ಧ. ಮ್ಯೂಸಿಯಂ ಆಗಬೇಕಿದ್ದ ಜಾಗ ಮಿಲಿಟರಿ ಆಸ್ಪತ್ರೆ ಆಯ್ತು. ಜನಕ್ಕೆ ಬಾಗಿಲು ತೆರೆದಿದ್ದು 1922ರ ಜನವರಿಯಲ್ಲಿ. ಅಡಿಗಲ್ಲಿನಿಂದ ಲಾಂಚ್‌ಗೆ ಹದಿನಾರು ವರ್ಷ! ನಮ್ಮ ಪ್ರಾಜೆಕ್ಟ್ ಒಂದು ಕ್ವಾರ್ಟರ್ ತಡ ಆದ್ರೆ ಎಷ್ಟು ಕಾಲ್‌ಗಳು ಬರ್ತವೆ ಯೋಚನೆ ಮಾಡಿ.

ಒಳಗೆ ಹೋದಾಗ ಒಂದು ಕೆಲಸ ಮಾಡಿ. ನಡು ಹಾಲ್‌ನಲ್ಲಿ ನಿಂತು ಮೇಲೆ ನೋಡಿ. ಗುಮ್ಮಟವನ್ನ ಹೊರಗಿಂದ ನೋಡಿದ್ರೆ ಗೋಲ್ಕೊಂಡದ ನೆನಪು ಬರುತ್ತೆ. ಒಳಗಡೆ ಅದನ್ನ ಹೊತ್ತಿರೋ ಒಂದನ್ನೊಂದು ಹಾಯ್ದು ಹೋಗೋ ಕಮಾನುಗಳಿವೆಯಲ್ಲ, ಅದರ ಉಪಾಯ ಬಂದಿದ್ದು ವಿಜಯಪುರದ ಗೋಳಗುಮ್ಮಟದಿಂದ. ಕೆಳಗೆ ಚೌಕ, ಮೇಲೆ ವೃತ್ತ. ಚೌಕದ ಮೇಲೆ ವೃತ್ತ ಕೂರಿಸೋದು ಹೇಗೆ? ಎಂಟು ಕಮಾನುಗಳನ್ನ ಅಡ್ಡಡ್ಡ ಹಾಯಿಸಿ, ಭಾರವನ್ನ ಒಳಮುಖವಾಗಿ ಹಂಚಿ. 17ನೇ ಶತಮಾನದಲ್ಲಿ ಆದಿಲ್‌ಶಾಹಿ ಕುಶಲಕರ್ಮಿಗಳು ಬಿಡಿಸಿದ ಲೆಕ್ಕವನ್ನ ವಿಟೆಟ್ ಮತ್ತೆ ಉಪಯೋಗಿಸಿದ. ಹೈದರಾಬಾದ್‌ನವರೂ ವಿಜಯಪುರದವರೂ ಇಬ್ಬರೂ ಆ ಹಾಲ್‌ನಲ್ಲಿ ನಿಂತು "ಇದು ನಮ್ದು" ಅನ್ನಬಹುದು.

"ನಮ್ಮ ಕಲ್ಲು ಇಲ್ಲಿಗ್ಯಾಕೆ ಬಂತು?"

ಐಹೊಳೆ ಫಲಕದ ಮುಂದೆ ನನಗೆ ಮೊದಲು ಬಂದಿದ್ದು ಸಿಟ್ಟು. ನಮ್ಮೂರಿನದನ್ನ ಇಲ್ಲಿ ತಂದು ಇಟ್ಕೊಂಡಿದ್ದಾರಲ್ಲ! ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಆ ಹೆಂಗಸು ನಕ್ಕು ಕೇಳಿದ್ರು: "ಆಗ ಐಹೊಳೆ ಯಾವ ರಾಜ್ಯದಲ್ಲಿತ್ತು?"

ಉತ್ತರ ನನಗೆ ಗೊತ್ತಿರಬೇಕಿತ್ತು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಇದ್ದದ್ದು ಮುಂಬೈ ಆಡಳಿತದಲ್ಲಿ. ನಮ್ಮ ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯ ಭಾಗ. ಅಂದ್ರೆ ನಮ್ಮಜ್ಜನ ರಾಜಧಾನಿ ಮುಂಬೈ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಪಶ್ಚಿಮ ಭಾರತವನ್ನೆಲ್ಲ ಸುತ್ತಿ ವಿಜಾಪುರದ ಕಟ್ಟಡಗಳ ಮೇಲೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ 1926ರಲ್ಲಿ ದೊಡ್ಡ ಪುಸ್ತಕಗಳನ್ನ ತಂದದ್ದು ಇದೇ ಆಡಳಿತದ ಕಾಲದಲ್ಲಿ. ಐಹೊಳೆಯ ಕಲ್ಲುಗಳು ಗಡಿ ದಾಟಿ ಬರಲಿಲ್ಲ. ಅವು ಬಂದು ಕೂತ ಮೇಲೆ ಗಡಿ ಸರಿಯಿತು.

ಹಾಗಂತ ಪ್ರಶ್ನೆ ಮುಗಿಯಲ್ಲ. ಐಹೊಳೆಯ ಜನರನ್ನ ಯಾರಾದರೂ ಕೇಳಿದ್ರಾ? ಆ ಕಾಲದಲ್ಲಿ ಅಲ್ಲಿನ ಗುಡಿಗಳಲ್ಲಿ ಜನ ಸಂಸಾರ ಮಾಡ್ತಿದ್ರು, ದನ ಕಟ್ತಿದ್ರು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದಿದ್ದೇ ಅಲ್ಲಿ ವಾಸವಿದ್ದವನಿಂದ. ಮ್ಯೂಸಿಯಂಗೆ ಬಂದ ಕಲ್ಲು ಮಳೆ, ಹೊಗೆ, ಕಳ್ಳರಿಂದ ಉಳೀತು. ಜೊತೆಗೆ ತನ್ನ ಛಾವಣಿ, ತನ್ನ ಊರು, ತನ್ನ ಭಾಷೆ ಮೂರನ್ನೂ ಕಳ್ಕೊಂಡಿತು. ಎರಡೂ ನಿಜ. ನಮ್ಮಂಥ ವಲಸೆಗಾರರಿಗೆ ಇದು ಅರ್ಥವಾಗದ ವಿಷಯ ಏನಲ್ಲ.

ಕಾನ್ಹೇರಿಯಲ್ಲಿ ನೃಪತುಂಗ

ಆಮೇಲೆ ನಾನು ಅವರ ಜೊತೆ ಒಂದು ಹೊರಸಂಚಾರಕ್ಕೆ ಹೋದೆ. ಬೋರಿವಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿರೋ ಕಾನ್ಹೇರಿ ಗುಹೆಗಳಿಗೆ. ಎಷ್ಟೋ ಕನ್ನಡಿಗರು ಅಲ್ಲೇ ಪಕ್ಕದಲ್ಲಿ ಫ್ಲ್ಯಾಟ್ ಮಾಡಿದೀರಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಸಾವಿರ ವರ್ಷದಷ್ಟು ಕಾಲ ನಡೆದ ವಿಹಾರ. ಹಳೇ ಹೆಸರು ಕೃಷ್ಣಗಿರಿ.

ಅಲ್ಲಿ ಬಂದ ತಿಳಿದವರೊಬ್ಬರು ಗೋಡೆಯ ಮೇಲಿನ ಸಂಸ್ಕೃತ ಶಾಸನ ತೋರಿಸಿ ಓದಿದ ಹೆಸರು ಕೇಳಿ ನಾನು ದಂಗಾದೆ. ಅಮೋಘವರ್ಷ. ನಮ್ಮ ನೃಪತುಂಗ! ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ, ಕವಿರಾಜಮಾರ್ಗದ ಜೊತೆ ನಾವು ನೆನೆಯೋ ಹೆಸರು. ಶಕ 765, 775, 799, ಅಂದ್ರೆ ಸುಮಾರು ಕ್ರಿ.ಶ. 843, 853, 877ರ ಮೂರು ಶಾಸನಗಳು ಅಲ್ಲಿವೆ. ಕೊಂಕಣವನ್ನ ಅವನ ಕೈಕೆಳಗೆ ಆಳ್ತಿದ್ದ ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ, ಕಪರ್ದಿ ಇವರ ಹೆಸರೂ ಅಲ್ಲಿ ಬರುತ್ತೆ.

"ಹಾಗಾದ್ರೆ ಬೋರಿವಲಿ ನಮ್ಮದೇ" ಅಂತ ಯಾರೋ ಕಾಮೆಂಟ್ ಹಾಕ್ತೀರಿ ಅಂತ ಗೊತ್ತು. ತಡೀರಿ. ಆ ಶಾಸನಗಳ ತಿರುಳು ರಾಜನ ಬಿರುದಲ್ಲಿಲ್ಲ, ದಾನದಲ್ಲಿದೆ. ಒಂದರಲ್ಲಿ ದೂರದ ಗೌಡ ದೇಶದಿಂದ, ಅಂದ್ರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಅನ್ನೋ ಬೌದ್ಧ ಭಕ್ತ ಭಿಕ್ಷುಗಳ ಧ್ಯಾನದ ಕೋಣೆಗೆ, ಬಟ್ಟೆಗೆ ಅಂತ 100 ದ್ರಮ್ಮ ನಾಣ್ಯ ಇಡ್ತಾನೆ. ಇನ್ನೊಂದರಲ್ಲಿ ದಾನದ ಹಣ ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಅಂತ ಹಂಚಿಕೆ ಇದೆ. ನೋಡಿ, ಮೇಂಟೆನೆನ್ಸ್‌ಗೆ ಬೇರೆ ಲೈನ್ ಐಟಂ! ಹನ್ನೊಂದು ನೂರ ಎಂಬತ್ತು ವರ್ಷದ ಹಿಂದೆ!

ಇಂಥ ದತ್ತಿಗೆ ಹಳೇ ಶಾಸನಗಳಲ್ಲಿ ಅಕ್ಷಯನೀವಿ ಅಂತ ಚಂದದ ಹೆಸರಿದೆ. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಕೆಲಸ ನಡೀಬೇಕು. ಫಿಕ್ಸೆಡ್ ಡೆಪಾಸಿಟ್ ಅನ್ನಿ, ಕಾರ್ಪಸ್ ಅನ್ನಿ. ಗುಹೆ ಕೊರೆಸಿದವನಿಗೆ ಒಂದು ಸಲ ಪುಣ್ಯ ಸಿಕ್ಕಿರಬಹುದು. ಆದರೆ ಸೋರೋ ಜಾಗ ಮುಚ್ಚಿಸೋಕೆ, ಹರಿದ ಓಲೆಗರಿ ಮತ್ತೆ ಬರೆಸೋಕೆ ವರ್ಷ ವರ್ಷ ಯಾರಾದರೂ ಇರಲೇಬೇಕು. ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಬರೆದ ಕೋಡ್ ಡೆಮೋ ದಿನ ಚಪ್ಪಾಳೆ ತಗೊಳ್ಳುತ್ತೆ. ಐದು ವರ್ಷ ಆದ್ಮೇಲೆ ಅದನ್ನ ಬದುಕಿಸೋನ ಹೆಸರು ಯಾರಿಗೂ ಗೊತ್ತಿರಲ್ಲ.

ಮ್ಯೂಸಿಯಂ ಸಂಘಗಳನ್ನ ನಾನು ಆವತ್ತಿಂದ ಹೀಗೇ ನೋಡ್ತೀನಿ. ಟಾಟಾ ಸೋದರರಾದ ಸರ್ ರತನ್, ಸರ್ ದೋರಾಬ್ಜಿ ಇವರ ಸಂಗ್ರಹಗಳು ಮುಂಬೈ ಮ್ಯೂಸಿಯಂನ ಅಸಲು. ಉಪನ್ಯಾಸ, ಹೊರಸಂಚಾರ, ಪ್ರಶ್ನೆ ಕೇಳೋ ಜನ, ಇವು ಬಡ್ಡಿ. ಬಡ್ಡಿ ನಿಂತರೆ ಅಸಲು ಗಾಜಿನ ಪೆಟ್ಟಿಗೆಯೊಳಗೆ ಧೂಳು ತಿನ್ನುತ್ತೆ.

ನಮ್ಮ ಪಾಲಿನದು

ಕಾನ್ಹೇರಿಗೆ ಹೋದ ಗುಂಪಲ್ಲಿ ಅರವತ್ತು ದಾಟಿದವರೇ ಹೆಚ್ಚು. ನಾನೇ ಚಿಕ್ಕವನು. ಮೆಟ್ಟಿಲು ಹತ್ತುವಾಗ ಕೆಲವರು ನಡುನಡುವೆ ಕೂತು ದಮ್ಮು ತಗೊಳ್ತಿದ್ರು. ನೀರಿನ ಬಾಟಲಿ ಹೊರೋದು ನನ್ನ ಕೆಲಸ ಆಯ್ತು. ಇವರ ನಂತರ ಯಾರು ಅನ್ನೋ ಯೋಚನೆ ಬಂದೇ ಬಂತು.

ವಾಪಸ್ ಬರ್ತಾ ಆ ಹೆಂಗಸು ನನ್ನನ್ನ ಕೇಳಿದ್ರು, "ನಲವತ್ತು ವರ್ಷದಿಂದ ಐಹೊಳೆಯ ಹುಚ್ಚಿಮಲ್ಲಿ ಗುಡಿ ಅಂತ ಹೇಳ್ತಾ ಬಂದೀನಿ. ಹಾಗಂದ್ರೇನು?" ಹುಚ್ಚಿ ಅಂದ್ರೆ ತಲೆಕೆಟ್ಟವಳು, ಮಲ್ಲಿ ಹೆಂಗಸಿನ ಹೆಸರು, ಗುಡಿ ಅಂದ್ರೆ ದೇವಸ್ಥಾನ ಅಂದೆ. ಅಲ್ಲಿನ ದುರ್ಗಾ ಗುಡಿಯ ಹೆಸರು ದುರ್ಗೆಯಿಂದ ಬಂದದ್ದಲ್ಲ, ದುರ್ಗ ಅಂದ್ರೆ ಕೋಟೆ, ಅದರಿಂದ ಬಂದದ್ದು ಅಂತಾನೂ ಹೇಳಿದೆ. ಎರಡನೇದು ಅವರಿಗೆ ಗೊತ್ತಿತ್ತು. ಮೊದಲನೇದನ್ನ ಚೀಲದಿಂದ ಡೈರಿ ತೆಗೆದು ಬರ್ಕೊಂಡ್ರು. ಅಷ್ಟು ಓದಿದವರ ಹತ್ರ ಇಲ್ಲದ್ದು, ಏನೂ ಓದದ ನನ್ನ ಹತ್ರ ಒಂದಿತ್ತು: ಭಾಷೆ. ಆ ಕಲ್ಲು ಕಳ್ಕೊಂಡ ಮೂರರಲ್ಲಿ ಒಂದನ್ನ ನಾವು ವಾಪಸ್ ಕೊಡಬಹುದು.

ದೆಹಲಿಯವರೇ, ನಿಮ್ಮ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಐಹೊಳೆಯ ಹಾರುವ ಗಂಧರ್ವರಿದ್ದಾರೆ. ಚೆನ್ನೈಯವರಿಗೆ 1851ರ ಎಗ್ಮೋರ್ ಮ್ಯೂಸಿಯಂ, ಹೈದರಾಬಾದ್‌ನವರಿಗೆ 1951ರ ಸಾಲಾರ್ ಜಂಗ್, ಪುಣೆಯವರಿಗೆ ಕೇಳ್ಕರ್ ಮ್ಯೂಸಿಯಂ ಇದೆ. ಮುಂದಿನ ಸಲ ಉಪನ್ಯಾಸದ ಪೋಸ್ಟರ್ ಕಂಡ್ರೆ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಮಕ್ಕಳಿದ್ರೆ ಕರ್ಕೊಂಡು ಹೋಗಿ. ಕೊನೆಗೆ ಒಂದು ಪ್ರಶ್ನೆ ಕೇಳಿ. ಪೆದ್ದು ಪ್ರಶ್ನೆ ಆದ್ರೂ ಪರವಾಗಿಲ್ಲ, ನನ್ನದೂ ಹಾಗೇ ಇತ್ತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ್ನ ಕರ್ಕೊಂಡು ಐಹೊಳೆಗೆ ಹೋದೆ. ಅವರ ಮೊಣಕಾಲು ಈಗ ಮೊದಲಿನಂತಿಲ್ಲ, ಮೇಗುತಿ ಗುಡ್ಡ ಹತ್ತೋಕೆ ಆಗಲಿಲ್ಲ. ಐದು ವರ್ಷ ಮೊದಲೇ ಬಂದಿದ್ರೆ ಹತ್ತಿರೋರು. ಕೆಳಗಿನ ಗುಡಿಯೊಂದರ ಕಟ್ಟೆ ಮೇಲೆ ಕೂರಿಸಿ, ಮುಂಬೈಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ಸುಮ್ಮನೆ ಕೇಳಿದ್ರು. ಆಮೇಲೆ "ಇದನ್ನ ಹೇಳಾಕ ಮುಂಬೈದಾಕಿ ಬೇಕಾತೇನು ನಿನಗ" ಅಂದು ನಕ್ಕು, ಕತ್ತೆತ್ತಿ ಛಾವಣಿ ನೋಡ್ತಾ ಕೂತ್ರು.

ನಿಮ್ಮೂರಿನ ಹತ್ರದ ಯಾವ ಕಲ್ಲು, ಯಾವ ಚಿತ್ರ, ಈಗ ನೀವಿರೋ ನಗರದ ಮ್ಯೂಸಿಯಂನಲ್ಲಿದೆ? ಹುಡುಕಿ ತಿಳಿಸಿ. ಮುಂದಿನ ಮಾತು ಅಲ್ಲಿಂದ ಶುರು ಮಾಡೋಣ.