ಅಳಿಲು ಹೊಡೆಯೋ ಕೋವಿ ಹಿಡಿದು ಊರು ಕಾಯೋಕೆ ಬಂದವರು

ಅಳಿಲು ಸೇವೆ ಅಂದ್ರೆ ನಮಗೆಲ್ಲ ರಾಮಸೇತು ನೆನಪಾಗುತ್ತೆ. ಇವತ್ತಿನ ಕಥೆಯಲ್ಲೂ ಸೇತುವೆ ಇದೆ. ಆದ್ರೆ ಬರೋರು ಅಳಿಲುಗಳಲ್ಲ, ಅಳಿಲು ಬೇಟೆಗಾರರು.

ಅಮೆರಿಕದ ಓಹಾಯೋ, ಕೆಂಟಕಿ ಕಡೆ ಇವತ್ತಿಗೂ ಕುಟುಂಬಗಳು ಕಾಡಲ್ಲಿ ಟೆಂಟ್ ಹಾಕಿ, ಹಳೇ ಮಾದರಿಯ ಕೋವಿ ಹಿಡಿದು ಅಳಿಲು ಬೇಟೆಗೆ ಕೂರ್ತಾರೆ. ನಮ್ಮ ಮಲೆನಾಡಿನವರು ಕೇಪಿನ ಕೋವಿ ಅಂತಾರಲ್ಲ, ಆ ಜಾತಿಯದ್ದು. ಮೊದಲು ನಳಿಗೆಯ ಬಾಯಿಂದ ಮದ್ದು ಸುರೀಬೇಕು. ಆಮೇಲೆ ಕೊಬ್ಬು ಸವರಿದ ಬಟ್ಟೆ ಚೂರಲ್ಲಿ ಸೀಸದ ಗುಂಡು ಸುತ್ತಿ, ಗಜದಿಂದ ಒಳಕ್ಕೆ ಜಡೀಬೇಕು. ಕೊನೆಗೆ ಕೇಪು ಇಟ್ಟು ಕುದುರೆ ಎಳೆಯೋದು. ಒಂದು ಈಡು ತಪ್ಪಿತೋ, ಮತ್ತೆ ಇಷ್ಟೂ ಕೆಲಸ ಮಾಡೋ ಹೊತ್ತಿಗೆ ಅಳಿಲು ಮಾಯ! ಹಾಗಾಗಿ ಒಂದೇ ಗುಂಡಿಗೆ ಹೊಡೆಯೋ ಅಭ್ಯಾಸ. ಅಳಿಲಿಗೆ ದಪ್ಪ ಗುಂಡು ಹೊಡೆದ್ರೆ ಮಾಂಸ ಉಳಿಯಲ್ಲ, ಅದಕ್ಕೆ ಸಣ್ಣ ಗುಂಡಿನ ಕೋವಿ. ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಕಮ್ಮಾರರು 18ನೇ ಶತಮಾನದಲ್ಲಿ ರೂಢಿಗೆ ತಂದ ಉದ್ದ ನಳಿಗೆಯ ರೈಫಲ್ಲೇ ಇದರ ಮೂಲ.

ಈಗ 1862ಕ್ಕೆ ಬನ್ನಿ. ಅಂತರ್ಯುದ್ಧದ ಕಾಲ. ಆಗಸ್ಟ್ 30ಕ್ಕೆ ಕೆಂಟಕಿಯ ರಿಚ್ಮಂಡ್‌ನಲ್ಲಿ ದಕ್ಷಿಣದ ಸೇನೆ ಗೆದ್ದಿತು. ಜನರಲ್ ಹೆನ್ರಿ ಹೆತ್‌ನ ದಂಡು ಓಹಾಯೋ ನದಿ ದಂಡೆಯ ಸಿನ್ಸಿನಾಟಿ ಕಡೆ ಹೊರಟಿತು. ಊರು ಕಾಯೋಕೆ ಬಂದ ಜನರಲ್ ಲ್ಯೂ ವಾಲೇಸ್, ಮುಂದೆ 'ಬೆನ್ ಹರ್' ಕಾದಂಬರಿ ಬರೆದವನೇ ಇವನು, ಮಿಲಿಟರಿ ಕಾನೂನು ಹೇರಿದ. ಗವರ್ನರ್ ಡೇವಿಡ್ ಟಾಡ್ ಕೋವಿ ಇದ್ದವರೆಲ್ಲ ಬನ್ನಿ ಅಂತ ಕರೆ ಕೊಟ್ಟ.

ಬಂದ್ರು ನೋಡಿ, 15,766 ಜನ! ಹೊಲ ಬಿಟ್ಟು, ಮನೆ ಗೋಡೆ ಮೇಲಿದ್ದ ಅಳಿಲು ಕೋವಿ ಇಳಿಸ್ಕೊಂಡು ರೈಲು ಹತ್ತಿದ್ರು. ಕಲ್ಲಿದ್ದಲಿನ ದೋಣಿಗಳನ್ನ ಸಾಲಾಗಿ ಜೋಡಿಸಿ ಕಟ್ಟಿದ ಸೇತುವೆ ದಾಟಿ ಕೆಂಟಕಿ ಗುಡ್ಡಗಳ ಮೇಲೆ ಕೂತ್ರು.

ಇಲ್ಲಿ ಒಂದು ಕಹಿ ವಿಷಯ ಇದೆ. ಆ ಗುಡ್ಡಗಳಲ್ಲಿ ಕಂದಕ ತೋಡಿದವರಲ್ಲಿ ಊರಿನ ಕಪ್ಪು ಜನಾಂಗದ ಗಂಡಸರೂ ಇದ್ರು. ಪೊಲೀಸರು ಅವರನ್ನ ಮನೆಗಳಿಂದ ಹಿಡಿದೆಳೆದು ತಂದಿದ್ರು. ನ್ಯಾಯಾಧೀಶ ವಿಲಿಯಂ ಡಿಕ್ಸನ್ ಉಸ್ತುವಾರಿ ವಹಿಸಿಕೊಂಡು ಅವರನ್ನ ಮನೆಗೆ ಕಳಿಸಿದ. ಮರುದಿನ ಸುಮಾರು 700 ಜನ ತಾವಾಗಿಯೇ ಬಂದ್ರು. ಕೈಗೆ ಕೋವಿ ಕೊಡಲಿಲ್ಲ, ಗುದ್ದಲಿ ಕೊಟ್ರು. ಮೊದಲ ವಾರ ಸಂಬಳವೂ ಇಲ್ಲ. ಅವರಲ್ಲೊಬ್ಬ ಪೊಹಾಟನ್ ಬೀಟಿ, ಮುಂದೆ ಸೈನ್ಯ ಸೇರಿ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಪಡೆದ.

ಯುದ್ಧ? ಆಗಲೇ ಇಲ್ಲ. ಸಣ್ಣಪುಟ್ಟ ಚಕಮಕಿ ಅಷ್ಟೇ. ಕೋಟೆ ಕಂದಕ ನೋಡಿದ ಹೆತ್ ಸೆಪ್ಟೆಂಬರ್ 12ರ ಹೊತ್ತಿಗೆ ವಾಪಸ್ ಹೊರಟ. ನನ್ನ ಲೆಕ್ಕದಲ್ಲಿ ಊರು ಉಳಿಸಿದ್ದು ಕೋವಿಗಿಂತ ಗುದ್ದಲಿಯೇ ಹೆಚ್ಚು.

ಬೇಟೆಗಾರರಿಗೆ ಮರುವರ್ಷ ಅಚ್ಚು ಹಾಕಿಸಿದ ಪ್ರಮಾಣಪತ್ರ ಸಿಕ್ಕಿತು. 1908ರಲ್ಲಿ ಬದುಕಿದ್ದವರಿಗೆ ಓಹಾಯೋ ಶಾಸನಸಭೆ ತಲಾ 13 ಡಾಲರ್ ಮಂಜೂರು ಮಾಡಿತು. 1862ರ ಸಿಪಾಯಿಯ ಒಂದು ತಿಂಗಳ ಸಂಬಳ ಅದು. 46 ವರ್ಷ ತಡ, ಬಡ್ಡಿ ಇಲ್ಲ (ಬಿ.ಕಾಂ ಓದಿದವನಿಗೆ ಇಂಥದ್ದೇ ಕಣ್ಣಿಗೆ ಬೀಳೋದು). ಗುದ್ದಲಿ ಹಿಡಿದವರಿಗೆ ಸಿನ್ಸಿನಾಟಿ ನದಿ ದಂಡೆಯಲ್ಲಿ ಸ್ಮಾರಕ ಎದ್ದಿದ್ದು 2012ರಲ್ಲಿ.