ಬಾಳೆ ಮೀನು: ಹೊಳೆಯಲ್ಲಿ ಉಳಿಯಬೇಕು, ಬಲೆ ಹಾಕುವವರ ಹೊಟ್ಟೆಯೂ ತುಂಬಬೇಕು

ನವಲಗುಂದ: ಮುಂಗಾರು ಜೋರಾದರೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಹರಿಯುತ್ತವೆ. ಹೊಸ ನೀರು ಬಂತೆಂದರೆ ಬಲೆ, ಗಾಳ ಹೊರಗೆ ಬರುತ್ತವೆ. ಆದರೆ ಮೀನು ಮೊಟ್ಟೆ ಇಡೋ ಹೊತ್ತೂ ಇದೇ. ಈ ಪೇಚಿಗೆ ಸಿಕ್ಕ ಮೀನುಗಳಲ್ಲಿ ಬಾಳೆ ಮೀನು ಒಂದು. ಅದರ ಬಗ್ಗೆ ತಿಳಿಯಬೇಕಾದ ಮಾಹಿತಿ ಇಲ್ಲಿದೆ.

ಯಾವುದು ಈ ಮೀನು?
ಮೈಮೇಲೆ ಹುರುಪೆ ಇರಲ್ಲ. ಅಗಲ ಬಾಯಿ, ಚೂಪು ಹಲ್ಲು, ಉದ್ದ ಮೀಸೆ. ವೈಜ್ಞಾನಿಕ ಹೆಸರು ವಲ್ಲಾಗೋ ಅಟ್ಟು. ಕೃಷ್ಣಾ ಕೊಳ್ಳದ ಹೊಳೆ, ಜಲಾಶಯಗಳಲ್ಲಿ ಇರುತ್ತದೆ. ಕುಂದಗೋಳ, ನವಲಗುಂದ ಕಡೆಯ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಕಲಘಟಗಿಯ ಬೇಡ್ತಿ ಮಾತ್ರ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತದೆ.

ಅಪಾಯ ಏನು?
ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2019ರ ಪರಿಶೀಲನೆಯಲ್ಲಿ ಬಾಳೆಯನ್ನು 'ಅಪಾಯಕ್ಕೆ ಈಡಾಗಬಲ್ಲ' ಮೀನು ಎಂದು ಗುರುತಿಸಿದೆ. ಮುಖ್ಯ ಕಾರಣ ಮಿತಿಮೀರಿ ಹಿಡಿಯೋದು. ಕಟ್ಟೆ, ಬ್ಯಾರೇಜುಗಳು ಮೀನಿನ ಓಡಾಟಕ್ಕೆ ಅಡ್ಡ. ಕಣ್ಣು ಸಣ್ಣ ಇರೋ ಬಲೆಗೆ ಮರಿಗಳೂ ಸಿಗುತ್ತವೆ. ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ಹಿಡಿಯೋದು, ಮಾರೋದು ನಿಷೇಧ ಆಗಲ್ಲ.

ಕೆರೆಯವರಿಗೆ ಯಾಕೆ ಬೇಡ?
ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯತಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದ ಸಂಘದವರು ದುಡ್ಡು ಕೊಟ್ಟು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಡುತ್ತಾರೆ. ಬಾಳೆ ಮಾಂಸಾಹಾರಿ. ಆ ಮರಿಗಳನ್ನೇ ತಿಂದರೆ ನಷ್ಟ ಸಂಘಕ್ಕೇ. ಹಾಗಾಗಿ ಸಾಕಣೆ ಕೆರೆಯಲ್ಲಿ ಅದನ್ನು ಉಳಿಸಿ ಅಂತ ಹೇಳೋದು ಸುಲಭ ಅಲ್ಲ.

ಇನ್ನೊಂದು ತೊಡಕು: ಬಾಳೆ ಮರಿಗಳು ಒಂದನ್ನೊಂದು ತಿನ್ನುತ್ತವೆ, ಅದಕ್ಕೆ ಸಾಕಣೆ ಕಷ್ಟ. ಅಂಗಡಿಗೆ ಬರೋ ಬಾಳೆ ಹೆಚ್ಚಾಗಿ ಹೊಳೆ, ಜಲಾಶಯದ್ದೇ. ಅಲ್ಲಿ ಖಾಲಿಯಾದರೆ ಬೇರೆ ದಾರಿ ಇಲ್ಲ. ಸ್ವಂತ ಕೆರೆ ಇಲ್ಲದೆ ಹೊಳೆಯನ್ನೇ ನಂಬಿದ ಮೀನುಗಾರರಿಗೆ ಮೊದಲ ಪೆಟ್ಟು.

ಕಾನೂನು ಏನು ಹೇಳುತ್ತೆ?
ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯೋದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಒಳನಾಡು ಮೀನುಗಾರಿಕೆಗೆ ರಾಜ್ಯದ 1996ರ ಕಾಯ್ದೆಯೂ ಇದೆ.

ಎರಡೂ ಕಡೆ ಉಳಿಯೋದು ಹೇಗೆ?
* ಸಾಕಣೆ ಕೆರೆಯಲ್ಲಿ ಬಾಳೆ ಹಿಡಿಯಲಿ. ಹೊಳೆ, ಹಳ್ಳದಲ್ಲಿ ಮರಿ ಸಿಕ್ಕರೆ ವಾಪಸ್ ಬಿಡಲಿ.
* ಹೊಸ ನೀರು ಬರುವಾಗ ಹಳ್ಳಕ್ಕೆ ಅಡ್ಡಲಾಗಿ ಪೂರ್ತಿ ಬಲೆ ಕಟ್ಟುವುದು ಬೇಡ. ಮೊಟ್ಟೆ ತುಂಬಿದ ಮೀನು ದಾಟಲಿ.
* ಬೇಸಿಗೆಯಲ್ಲಿ ನೀರು ನಿಲ್ಲುವ ಮಡುಗಳಲ್ಲಿ ಒಂದೆರಡನ್ನು ಊರವರೇ ಮಾತಾಡಿ ಬಿಟ್ಟುಬಿಡಬಹುದು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನು ಉಳಿದಿರೋದು ಹೀಗೇ, ಯಾರೂ ಹಿಡಿಯಲ್ಲ ಎಂಬ ಕಟ್ಟಳೆಯಿಂದ.
* ಅಂಗಡಿಯವರು ಅಂಗೈ ಉದ್ದದ ಬಾಳೆ ಮರಿ ಕೊಳ್ಳದಿದ್ದರೆ ಹಿಡಿಯೋದೂ ಕಡಿಮೆ ಆಗುತ್ತದೆ. ಅದೇ ಮೀನು ಬೆಳೆದರೆ ತೂಕ ಹೆಚ್ಚು, ದುಡ್ಡೂ ಹೆಚ್ಚು.
* ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಷ್ ಅನ್ನು ಕೆರೆ, ಹಳ್ಳಕ್ಕೆ ಬಿಡಬಾರದು. ಅದು ನಾಡ ಮೀನುಗಳನ್ನೇ ತಿಂದು ಹಾಕುತ್ತದೆ.

ಮಳೆಗಾಲದಲ್ಲಿ ಕೈ ಕಟ್ಟಿ ಕೂತರೆ ಸಂಸಾರ ನಡೆಯೋದು ಹೇಗೆ ಅನ್ನೋದು ಮೀನುಗಾರರ ನ್ಯಾಯವಾದ ಪ್ರಶ್ನೆ. ಮಡು ಬಿಡಿ, ಮರಿ ಬಿಡಿ ಎನ್ನುವ ಮೊದಲು ಆ ಕೆಲ ವಾರಗಳ ಕೂಲಿಗೆ ದಾರಿ ಹುಡುಕುವುದು ಪಂಚಾಯತಿ ಮತ್ತು ಇಲಾಖೆಯ ಜವಾಬ್ದಾರಿ.